ಮೂಲ ಲೆನ್ಸ್ ಇಲ್ಲದ ಫೋಕೋಮ್ಯಾಟ್ ಮತ್ತೆ ಕೆಲಸಕ್ಕೆ ಬಂತು: ನನ್ನ ಅನುಭವ

ಮೂಲ ಫೋಕೋಟಾರ್ ಲೆನ್ಸ್ ಕಳೆದುಹೋದ ಲೈಟ್ಸ್ ಫೋಕೋಮ್ಯಾಟ್ 1ಸಿ (ನೆಗೆಟಿವನ್ನು ಫೋಟೋ ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರ್) ಶೋಕೇಸಿಗೆ ಮಾತ್ರ ಲಾಯಕ್ಕು ಅಂತ ನನಗೆ ಹೇಳದ ಸಂಗ್ರಹಕಾರರಿಲ್ಲ. ಯಂತ್ರದ ತಲೆ ಏರಿಳಿದಂತೆ ಲೆನ್ಸನ್ನು ಸರಿಸಿ ಫೋಕಸ್ ಉಳಿಸುವ ಕ್ಯಾಮ್ (ಬಾಗಿದ ಲೋಹದ ತುಂಡು) ಆ ಲೆನ್ಸಿಗೇ ಹೊಂದಿಸಿದ್ದು, ಬೇರೆಯದು ಹಾಕಿದರೆ ಆಟೋಫೋಕಸ್ ಮರೆತುಬಿಡಿ ಅನ್ನುವುದು ಅವರ ವಾದ. ಈಗ ನನ್ನ ಯಂತ್ರದ ತಲೆಯನ್ನು ಮೂರು ಪಟ್ಟಿನಿಂದ ಒಂಬತ್ತು ಪಟ್ಟಿನವರೆಗೆ ಎತ್ತಿ ಇಳಿಸಿದರೂ ಗ್ರೇನ್ ಫೋಕಸರ್‌ನಲ್ಲಿ (ಫೋಕಸ್ ನೋಡುವ ಭೂತಗನ್ನಡಿ) ಫಿಲ್ಮಿನ ಗ್ರೇನ್ ಕಾಳು ಕಾಳಾಗಿ ನಿಲ್ಲುತ್ತದೆ. ಹಾಕಿರುವುದು ಬೇರೆ ಕಂಪನಿಯ ಲೆನ್ಸು!

ಮೊದಲು ದುಡ್ಡಿನ ಮಾತು. ಪೂರ್ತಿ ಸುಸ್ಥಿತಿಯ ಯಂತ್ರಕ್ಕೆ ಕೇಳುವ ಬೆಲೆಯ ಅರ್ಧಕ್ಕಿಂತ ಕಡಿಮೆಗೆ ನನಗೆ ಮೂರು ಹಾಳು ಯಂತ್ರಗಳು ಸಿಕ್ಕವು. ಆದರೆ ಸಾಗಣೆ ವೆಚ್ಚ ಹೆಚ್ಚುಕಡಿಮೆ ಯಂತ್ರದ ಬೆಲೆಯನ್ನೇ ಮುಟ್ಟಿತು. ಕಂಬ ಉದ್ದ, ಬೇಸ್‌ಬೋರ್ಡ್ ಭಾರ. ಮಾರಿದವರೊಬ್ಬರು ದೀಪದ ಬೆಳಕನ್ನು ಒಟ್ಟುಗೂಡಿಸುವ ಕಂಡೆನ್ಸರ್ ಗಾಜನ್ನು ತೆಗೆಯದೆ ಒಳಗೇ ಬಿಟ್ಟು ಕಳಿಸಿದ್ದರಿಂದ ಅದು ಚೂರಾಗಿ ಬಂತು. ಈಗ ಮುಂಗಡ ಕೊಡುವ ಮೊದಲೇ ಕಂಡೆನ್ಸರ್, ಲೆನ್ಸ್, ನೆಗೆಟಿವ್ ಹೋಲ್ಡರ್ ಮೂರನ್ನೂ ಬೇರೆ ಡಬ್ಬಿಯಲ್ಲಿ ಹಾಕಿಸುತ್ತೇನೆ. ಇನ್ನೊಂದರ ದೀಪದ ಮನೆಯಲ್ಲಿ ಹಳೇ ಕಾಲದ ನಾರಿನ ಹೊದಿಕೆಯ ವೈರು ಪುಡಿ ಉದುರಿಸುತ್ತಿತ್ತು. ಅಂಥದ್ದು ಆಸ್ಬೆಸ್ಟಾಸ್ ಇರಬಹುದು. ಕೆರೆಯಬೇಡಿ, ಒದ್ದೆ ಮಾಡಿ ಮುಚ್ಚಿ, ತಿಳಿದವರಿಂದ ತೆಗೆಸಿ. ನಾನು ಆ ಭಾಗವನ್ನೇ ಬಿಟ್ಟುಕೊಟ್ಟೆ.

ಇನ್ನು ಆಟೋಫೋಕಸ್. ಎಲ್ಲರೂ ಕ್ಯಾಮ್ ತಿದ್ದುವುದಕ್ಕೇ ಕೈ ಹಾಕುತ್ತಾರೆ. ನಾನು ಅದನ್ನು ಮುಟ್ಟಲೇ ಇಲ್ಲ, ಕ್ಯಾಮಿಗೆ ತಕ್ಕ ಲೆನ್ಸನ್ನೇ ಹುಡುಕಿದೆ. ಫೋಕಲ್ ಲೆಂತ್ 50 ಮಿ.ಮೀ. ಅಂತ ಬರೆದ ಲೆನ್ಸುಗಳೆಲ್ಲ ಕರಾರುವಾಕ್ಕಾಗಿ 50 ಇರುವುದಿಲ್ಲ. ನನ್ನ ಡ್ರಾಯರಿನಲ್ಲಿದ್ದವು ಸುಮಾರು 49ರಿಂದ 52ರವರೆಗೆ ಹರಡಿಕೊಂಡಿದ್ದವು. ಅಳೆಯುವುದಕ್ಕೆ ನೆಗೆಟಿವ್ ಜಾಗದಲ್ಲಿ ಮಿಲಿಮೀಟರ್ ಗೀಟುಗಳ ಫಿಲ್ಮ್ ಇಟ್ಟು, ನಾಲ್ಕು ಪಟ್ಟು ಮತ್ತು ಎಂಟು ಪಟ್ಟಿನಲ್ಲಿ ಕೈಯಿಂದ ಫೋಕಸ್ ಮಾಡಿ, ಎರಡೂ ಸಲ ಲೆನ್ಸಿನ ಅಂಚಿನಿಂದ ಈಸೆಲ್‌ಗೆ (ಕಾಗದ ಹಿಡಿಯುವ ಚೌಕಟ್ಟು) ಇರುವ ದೂರ ಬರೆದುಕೊಳ್ಳಿ. ವ್ಯತ್ಯಾಸವನ್ನು ನಾಲ್ಕರಿಂದ ಭಾಗಿಸಿದರೆ ನಿಜವಾದ ಫೋಕಲ್ ಲೆಂತ್. 200 ಮಿ.ಮೀ. ಬಂದರೆ 50, 206 ಬಂದರೆ 51.5. ವ್ಯತ್ಯಾಸವನ್ನಷ್ಟೇ ಲೆಕ್ಕ ಹಾಕುವುದರಿಂದ ಲೆನ್ಸಿನ ಯಾವ ಅಂಚಿನಿಂದ ಅಳೆದರೂ ನಡೆಯುತ್ತದೆ, ಎರಡೂ ಸಲ ಅದೇ ಅಂಚಾಗಿರಬೇಕು ಅಷ್ಟೆ.

ಕ್ಯಾಮಿಗೆ ಹತ್ತಿರದ ಲೆನ್ಸ್ ಸಿಕ್ಕಮೇಲೆ ಹೊಂದಾಣಿಕೆ. ತಲೆಯನ್ನು ಮೇಲಕ್ಕೆ ಒಯ್ದು ಲೆನ್ಸಿನ ತಿರುಪಿನಿಂದ ಫೋಕಸ್ ಮಾಡಿ. ಕೆಳಕ್ಕೆ ತಂದಾಗ ಮಸುಕಾದರೆ ತಿರುಪನ್ನು ಮುಟ್ಟದೆ ಈಸೆಲ್‌ನ ಎತ್ತರವನ್ನು ಬದಲಿಸಿ. ದೊಡ್ಡ ಪಟ್ಟಿನಲ್ಲಿ ಈಸೆಲ್ ಒಂದೆರಡು ಮಿ.ಮೀ. ಆಚೀಚೆಯಾದರೂ ಚಿತ್ರಕ್ಕೆ ಏನೂ ಆಗುವುದಿಲ್ಲ, ಸಣ್ಣ ಪಟ್ಟಿನಲ್ಲಿ ಅದು ಎದ್ದು ಕಾಣುತ್ತದೆ. ಮತ್ತೆ ಮೇಲೆ, ಮತ್ತೆ ಕೆಳಗೆ. ಹೀಗೆ ಹೋಗುತ್ತಾ ಬರುತ್ತಾ ಕೂಡಿಕೊಳ್ಳುತ್ತದೆ. ಲೆನ್ಸನ್ನು ಪೂರ್ತಿ ತೆರೆದೇ ಇದನ್ನು ಮಾಡಬೇಕು. ಲೆನ್ಸಿನ ಕಿಂಡಿಯನ್ನು ಎರಡು ಸ್ಟಾಪ್ ಕುಗ್ಗಿಸಿ ಸರಿಯಾಯಿತು ಅನ್ನುವವರ ಆಟೋಫೋಕಸ್‌ನಲ್ಲಿ ನನಗೆ ನಂಬಿಕೆಯಿಲ್ಲ. ಈಸೆಲ್ ಕೆಳಗೆ ಏನಿಟ್ಟೆ, ಕೊನೆಗೆ ಗೆದ್ದ ಲೆನ್ಸ್ ಯಾವುದು ಅನ್ನುವುದು ಸದ್ಯ ನನ್ನಲ್ಲೇ ಇರಲಿ. ಹೇಳಿದರೆ ಆ ಲೆನ್ಸಿನ ಬೆಲೆ ಏರುತ್ತದೆ, ನನಗೆ ಇನ್ನೂ ಒಂದು ಬೇಕಾಗಿದೆ.

ಇದೆಲ್ಲಕ್ಕೂ ಮೊದಲು ನೆಗೆಟಿವ್, ಲೆನ್ಸ್, ಬೇಸ್‌ಬೋರ್ಡ್ ಮೂರೂ ಸಮಾನಾಂತರವಾಗಿರಲೇಬೇಕು. ಲೇಸರ್ ಉಪಕರಣಕ್ಕೆ ಕಾಸು ಸುರಿಯಲಿಲ್ಲ. ಎದುರುಬದುರು ಇಟ್ಟ ಎರಡು ಕನ್ನಡಿ, ಒಂದರ ನಡುವೆ ಬೆಳ್ಳಿಲೇಪ ಕೆರೆದ ಸಣ್ಣ ಕಿಂಡಿ. ಕಿಂಡಿಯಲ್ಲಿ ಇಣುಕಿದಾಗ ಪ್ರತಿಬಿಂಬದ ವೃತ್ತಗಳು ಒಂದರೊಳಗೊಂದು ನೆಟ್ಟಗೆ ನಿಂತರೆ ಸಾಕು.

ಹಳೇ ಓಪಲ್ (ಹಾಲುಬಿಳುಪಿನ) ಬಲ್ಬು ಸಿಗುವುದು ಕಷ್ಟವಾದ್ದರಿಂದ ನಡುವೆ ಎಲ್‌ಇಡಿ ಹುಚ್ಚೂ ಹತ್ತಿತ್ತು. ಮೊದಲು ಹಾಕಿದ್ದು ನಡುವೆ ಬಿಳಿ ಮಚ್ಚೆ ಕೊಟ್ಟಿತು. ಇನ್ನೊಂದು ಟೈಮರ್ ಆರಿಸಿದ ಮೇಲೂ ಕ್ಷಣಕಾಲ ಮಿಣುಕುತ್ತಿತ್ತು; ಮೂರು ಸೆಕೆಂಡಿನ ಎಕ್ಸ್‌ಪೋಶರ್‌ನಲ್ಲಿ ಅದೇ ಪ್ರಿಂಟ್ ಕೆಡಿಸಲು ಸಾಕು. ಮೂರನೆಯದು ಹರಡಿದ ಬೆಳಕಿನದು, ಚೆನ್ನಾಗಿದೆ, ಆದರೆ ಪ್ರಿಂಟಿನ ಕಾಂಟ್ರಾಸ್ಟ್ ಬದಲಿಸುವ ಮಲ್ಟಿಗ್ರೇಡ್ ಫಿಲ್ಟರುಗಳ ನಡುವಿನ ಅಂತರ ಬದಲಾಯಿತು. ಸ್ಟೆಪ್ ವೆಡ್ಜ್ (ಹಂತ ಹಂತವಾಗಿ ಕಪ್ಪಾಗುವ ಫಿಲ್ಮ್ ತುಂಡು) ಇಟ್ಟು ನನ್ನದೇ ಪಟ್ಟಿ ಬರೆದುಕೊಂಡಿದ್ದೇನೆ.

ಇದೇ ಹುಡುಕಾಟದಲ್ಲಿ ವಿಮಾನದಿಂದ ತೆಗೆದ ಚಿತ್ರಗಳಿಗೆ ಬಳಸುತ್ತಿದ್ದ ಕಾಂಟ್ಯಾಕ್ಟ್ ಪ್ರಿಂಟರ್ (ನೆಗೆಟಿವನ್ನು ಕಾಗದಕ್ಕೇ ಒತ್ತಿ ಅದೇ ಅಳತೆಯಲ್ಲಿ ಪ್ರಿಂಟ್ ಮಾಡುವ ಯಂತ್ರ) ಒಂದು ಬಹುತೇಕ ಪುಕ್ಕಟೆಗೆ ಸಿಕ್ಕಿತು. ಗಾಜಿನ ಕೆಳಗೆ ಸಾಲುಸಾಲು ಪುಟ್ಟ ದೀಪ, ಒಂದೊಂದಕ್ಕೂ ಒಂದೊಂದು ಸ್ವಿಚ್ಚು. ನೆರಳಿನ ಭಾಗದ ಕೆಳಗಿನ ದೀಪ ಆರಿಸಿದರೆ ಕೈ ಆಡಿಸದೆಯೇ ಡಾಡ್ಜಿಂಗ್, ಅಂದರೆ ಆ ಭಾಗಕ್ಕೆ ಬೆಳಕು ತಡೆಯುವುದು! ದೀಪಗಳಲ್ಲಿ ಅರ್ಧ ಸತ್ತಿವೆ, ಬದಲಿ ಸಿಕ್ಕಿಲ್ಲ. ದೊಡ್ಡ ನೆಗೆಟಿವ್‌ಗಳಿಗೆ ಅದನ್ನು ಉಳಿಸಿಕೊಂಡಿದ್ದೇನೆ, ಮಾರುವ ಮಾತಿಲ್ಲ.

ಹಳೇ ಸಾಮಾನಿನ ಜೊತೆ ಬರುವ ಸೇಫ್‌ಲೈಟ್ (ಫೋಟೋ ಕಾಗದವನ್ನು ಕೆಡಿಸದ ಕತ್ತಲುಕೋಣೆಯ ದೀಪ) ಗಾಜನ್ನು ಮಾತ್ರ ಹಾಗೇ ನಂಬಬೇಡಿ. ಓಸಿ ಎಂಬ ಅಂಬರ್ ಬಣ್ಣದ ಸೇಫ್‌ಲೈಟ್ ಫಿಲ್ಟರುಗಳ ಬಣ್ಣ ವರ್ಷಗಳಲ್ಲಿ ಮಾಸುತ್ತದೆ. ಮೊದಲು ಕಾಗದಕ್ಕೆ ತೆಳುವಾದ ಬೂದು ಬರುವಷ್ಟು ಎಕ್ಸ್‌ಪೋಶರ್ ಕೊಟ್ಟು, ಆಮೇಲೆ ನಾಣ್ಯ ಇಟ್ಟು ಸೇಫ್‌ಲೈಟಿನಲ್ಲಿ ಏಳೆಂಟು ನಿಮಿಷ ಬಿಡಿ. ಡೆವಲಪ್ ಮಾಡಿದಾಗ ನಾಣ್ಯದ ಗುರುತು ಮೂಡಿದರೆ ಫಿಲ್ಟರ್ ಬದಲಿಸಿ. ಕಾಗದವನ್ನು ಸುಮ್ಮನೆ ಬಿಳಿಯಾಗಿಟ್ಟು ಪರೀಕ್ಷೆ ಮಾಡಿದರೆ ಅದು ಪಾಸಾಗಿಬಿಡುತ್ತದೆ.