ಪಾಸ್‌ಪೋರ್ಟ್ ಇಲ್ಲದ ಅಮ್ಮ ಹಡಗು ಹತ್ತಿದ್ದು

"ಪಾಸ್‌ಪೋರ್ಟ್ ಇಲ್ಲದೆ ಹಡಗಾ? ನಿನಗೆ ತಲೆ ಸರಿ ಇದೆಯಾ ಮಾರಾಯ?" ಅಂದವರು ಭಾವ. ಅವರೊಬ್ಬರೇ ಅಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದಿಂದ ನನ್ನ ಹಾಗೇ ಕಾಶಿಗೆ, ರಾಮೇಶ್ವರಕ್ಕೆ ಬಸ್ ಬಿಡುವ ಗೆಳೆಯರೂ ನಕ್ಕರು. ಹಡಗು ಅಂದರೆ ವಿದೇಶ, ವಿದೇಶ ಅಂದರೆ ಪಾಸ್‌ಪೋರ್ಟ್ ಅನ್ನುವುದು ಅವರ ಲೆಕ್ಕ. ಹನ್ನೆರಡು ವರ್ಷ ಕಾಲ ಹಿರಿಯರನ್ನು ಕರೆದುಕೊಂಡು ತಿರುಗಿದ ನನಗೂ ಮೊದಲು ಅದೇ ಲೆಕ್ಕ ಇತ್ತು, ಸುಳ್ಳು ಯಾಕೆ ಹೇಳಲಿ. 78 ವರ್ಷದ ನನ್ನ ಅಮ್ಮ 2025ರ ಫೆಬ್ರವರಿಯಲ್ಲಿ ಮುಂಬೈಯಲ್ಲಿ ಹಡಗು ಹತ್ತಿ ಗೋವಾದಲ್ಲಿ ಇಳಿದರು. ಕೈಯಲ್ಲಿ ಇದ್ದದ್ದು ಆಧಾರ್ ಕಾರ್ಡ್ ಮಾತ್ರ. ಭಾವ ಈಗ ಆ ವಿಷಯ ಎತ್ತುವುದಿಲ್ಲ.

ವೀಲ್‌ಚೇರ್, ಲೋವರ್ ಬರ್ತ್, ಮಾತ್ರೆ ಡಬ್ಬಿ ಇವೆಲ್ಲ ಈ ಕೆಲಸ ಮಾಡುವವರಿಗೆ ಗೊತ್ತಿರುವ ವಿಷಯ. ಅದನ್ನು ಬಿಟ್ಟು ಉಳಿದದ್ದು ಹೇಳುತ್ತೇನೆ.

ಮೊದಲು ದುಡ್ಡು ಕಳೆದುಕೊಂಡ ಕತೆ. 2023ರಲ್ಲಿ ಚೆನ್ನೈಯಿಂದ ಶ್ರೀಲಂಕಾಕ್ಕೆ ಹಡಗು ಶುರುವಾಗಿತ್ತು. ಒಬ್ಬ ಏಜೆಂಟ್ ಫೋನಿನಲ್ಲಿ, "65 ದಾಟಿದವರಿಗೆ ಆಧಾರ್ ಸಾಕು ಸಾರ್, ನೇಪಾಳಕ್ಕೆ ನೀವೇ ಕರ್ಕೊಂಡು ಹೋಗಿಲ್ವಾ?" ಅಂದ. ಹೌದಲ್ವಾ ಅನ್ನಿಸಿತು. ಪಶುಪತಿನಾಥಕ್ಕೆ ನಾನು ಎಷ್ಟೋ ಅಜ್ಜಿಯರನ್ನು ಪಾಸ್‌ಪೋರ್ಟ್ ಇಲ್ಲದೆ ಕರೆದೊಯ್ದಿದ್ದೇನೆ. ಆದರೆ ಆ ಸಡಿಲಿಕೆ ನೇಪಾಳ, ಭೂತಾನಕ್ಕೆ ಮಾತ್ರ. ಲಂಕಾಕ್ಕೆ ತೊಂಬತ್ತಾದರೂ ಪಾಸ್‌ಪೋರ್ಟ್ ಬೇಕೇ ಬೇಕು. ಇದು ನನಗೆ ಗೊತ್ತಾಗುವ ಹೊತ್ತಿಗೆ ಮುಂಗಡ 30 ಸಾವಿರ ಚಿಲ್ಲರೆ ಕಟ್ಟಾಗಿತ್ತು. ಜಗಳ ಆಡಿ ಆಡಿ ವಾಪಸ್ ಬಂದದ್ದು ಹತ್ತೋ ಹನ್ನೊಂದೋ ಸಾವಿರ.

ಅದೇ ವಾರ ಅಮೆರಿಕದ ತಂಗಿ ಇನ್ನೊಂದು ಹುಳ ಬಿಟ್ಟಳು. "ಅಣ್ಣಾ, ಇಲ್ಲಿ ಹಡಗಿಗೆ ಬರ್ತ್ ಸರ್ಟಿಫಿಕೇಟ್, ಲೈಸೆನ್ಸ್ ಸಾಕು." ಅವಳು ಹೇಳಿದ್ದು ನಿಜವೇ. ಅಮೆರಿಕದ ಒಂದು ಬಂದರಿನಲ್ಲಿ ಹೊರಟು ಅದೇ ಬಂದರಿಗೆ ಮರಳುವ ಹಡಗಾದರೆ ಅಲ್ಲಿನ ಪ್ರಜೆಗಳಿಗೆ ಹಾಗೆ ನಡೆಯುತ್ತದೆ. ನಮ್ಮ ಅಮ್ಮ ಅಲ್ಲಿಯ ಪ್ರಜೆಯೂ ಅಲ್ಲ, ಅವರಿಗೆ ಬರ್ತ್ ಸರ್ಟಿಫಿಕೇಟೂ ಇಲ್ಲ.

ಹಾಗಾದರೆ ಪಾಸ್‌ಪೋರ್ಟ್ ಮಾಡಿಸಿಯೇ ಬಿಡೋಣ ಅಂತ ಹೊರಟೆ. ಅಮ್ಮ ಕರೂರು ಸೀಮೆಯವರು. ನಾಲ್ಕನೇ ಕ್ಲಾಸು ಓದಿದ ಶಾಲೆ ಈಗ ಲಿಂಗನಮಕ್ಕಿಯ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಅಣೆಕಟ್ಟು ಮುಗಿಯಿತು, ಇವರ ಮನೆಯವರು ಎತ್ತಿನ ಗಾಡಿಯಲ್ಲಿ ಪಾತ್ರೆ ಪಗಡೆ ಹೇರಿಕೊಂಡು ಎದ್ದರು. ಶಾಲೆಯ ದಾಖಲೆ ಹುಡುಕಿ ಸುಸ್ತಾದೆ. ಹುಟ್ಟಿದ ದಿನ ಕೇಳಿದರೆ ಅಮ್ಮ, "ಗದ್ದೆ ನಾಟಿ ನಡೀತಿತ್ತಂತೆ, ಮಳೆ ಜೋರಿತ್ತಂತೆ" ಅನ್ನುತ್ತಾರೆ. ಆಧಾರ್‌ನಲ್ಲಿ ಇರುವುದು ಜನವರಿ 1. ಜನವರಿಯಲ್ಲಿ ಎಂತ ನಾಟಿ?

ನಿಜ ಹೇಳಬೇಕೆಂದರೆ ನಿಯಮ ಅಷ್ಟು ಬಿಗಿ ಇಲ್ಲ. ಹಿರಿಯರಿಗೆ ವೋಟರ್ ಕಾರ್ಡ್, ಪ್ಯಾನ್ ಯಾವುದರಿಂದಲೂ ಹುಟ್ಟಿದ ದಿನ ತೋರಿಸಬಹುದು. 60 ದಾಟಿದವರಿಗೆ 1,500ರ ಶುಲ್ಕದಲ್ಲಿ ಶೇ 10 ಕಡಿತವೂ ಇದೆ. ಕೆಟ್ಟದ್ದು ನಮ್ಮ ಕಾಗದಗಳು. ಒಂದರಲ್ಲಿ ಹೆಸರಿನ ಕೊನೆಗೆ 'ಅಮ್ಮ', ಇನ್ನೊಂದರಲ್ಲಿ 'ದೇವಿ', ಮೂರನೆಯದರಲ್ಲಿ ಅಪ್ಪನ ಹೆಸರೂ ಅಂಟಿಕೊಂಡಿದೆ. ಸರಿ ಮಾಡಿಸಲು ಆಧಾರ್ ಕೇಂದ್ರಕ್ಕೆ ಹೋದರೆ ಬೆರಳಚ್ಚು ಬರಲಿಲ್ಲ. ಅರವತ್ತು ವರ್ಷ ಅಡಿಕೆ ಸುಲಿದ ಬೆರಳು, ಗೆರೆ ಎಲ್ಲಿ ಉಳಿದಿರುತ್ತೆ? ತೆಂಗಿನೆಣ್ಣೆ ಹಚ್ಚಿ, ಬಿಸಿನೀರಲ್ಲಿ ನೆನೆಸಿ ನಾಲ್ಕು ಸಲ ಓಡಾಡಿದೆವು. ಶುಲ್ಕ ಅಲ್ಲಿ ಆಗ ಐವತ್ತೇ ರೂಪಾಯಿ, ಕಾರಿನ ಪೆಟ್ರೋಲಿಗೆ ಎರಡು ಸಾವಿರ. ಅಂತೂ ಅರ್ಜಿ ಹೋಯಿತು. ಪೊಲೀಸ್ ವಿಚಾರಣೆಗೆ ಮನೆಗೆ ಬಂದ ದಿನ ಅಮ್ಮ ಕುಮಟಾದಲ್ಲಿ ಅಕ್ಕನ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುತ್ತಾ ಕೂತಿದ್ದರು. ವಿಳಾಸದಲ್ಲಿ ಇಲ್ಲ ಅಂತ ಬರೆದುಕೊಂಡು ಹೋದರು. ತಪ್ಪು ನನ್ನದೇ, ಅರ್ಜಿ ಹಾಕಿದ ಮೇಲೆ ಮನೆ ಬಿಡಿಸಬಾರದಿತ್ತು. ಕಡತ ಅಲ್ಲಿಗೆ ನಿಂತಿತು.

ಆಮೇಲೆ ತಲೆಗೆ ಹೊಳೆದದ್ದು ಬಹಳ ಸುಲಭದ ವಿಷಯ. ಮುಂಬೈಯಿಂದ ಗೋವಾಕ್ಕೆ ಹಡಗು ಹೋಗುತ್ತದೆ. ದೇಶದೊಳಗಿನ ಪ್ರಯಾಣ. ಭಾರತೀಯರಿಗೆ ಪಾಸ್‌ಪೋರ್ಟ್ ಬೇಡ, ಆಧಾರ್ ಅಥವಾ ವೋಟರ್ ಕಾರ್ಡ್ ಸಾಕು. 2021ರಿಂದ ಕಾರ್ಡೇಲಿಯಾ ಕಂಪನಿಯವರ 'ಎಂಪ್ರೆಸ್' ಹಡಗು ಓಡುತ್ತಿದೆ. 1990ರಲ್ಲಿ ಕಟ್ಟಿದ್ದು, ಹನ್ನೊಂದು ಅಂತಸ್ತು, ಸುಮಾರು 800 ಕೋಣೆ. ನಮ್ಮ ಕಣ್ಣೆದುರೇ ಇತ್ತು, ನಾವು ಲಂಕಾ ನೋಡುತ್ತಾ ಕೂತಿದ್ದೆವು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಟಿಕೆಟ್‌ನಲ್ಲಿರುವ ಹೆಸರು ಮತ್ತು ಕಾರ್ಡಿನಲ್ಲಿರುವ ಹೆಸರು ಅಕ್ಷರ ಅಕ್ಷರ ಒಂದೇ ಇರಬೇಕು. ಮನೆಯಲ್ಲಿ ಕರೆಯುವ ಹೆಸರು, ಪಂಚಾಯ್ತಿಯಲ್ಲಿರುವ ಹೆಸರು ಯಾವುದೂ ಬೇಡ. ಪಾಸ್‌ಪೋರ್ಟ್ ಸಿಗಲಿಲ್ಲವಾದರೂ ಅದಕ್ಕೆ ಪಟ್ಟ ಪಾಡು ಇಲ್ಲಿ ಉಪಯೋಗಕ್ಕೆ ಬಂತು. ಆಧಾರ್ ಸರಿಯಾಗಿತ್ತು.

ಲಕ್ಷದ್ವೀಪದ ಆಸೆ ನನಗೂ ಇತ್ತು. ಅಲ್ಲಿಗೂ ಪಾಸ್‌ಪೋರ್ಟ್ ಬೇಡ, ಆದರೆ ಪ್ರವೇಶದ ಪರ್ಮಿಟ್ ಬೇಕು. ಅದು ದೊಡ್ಡ ವಿಷಯ ಅಲ್ಲ. ತೊಂದರೆ ಇರುವುದು ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ ಅನ್ನುವುದರಲ್ಲಿ. ನಡು ಸಮುದ್ರದಲ್ಲಿ ನಿಲ್ಲಿಸಿ, ಕುಣಿಯುವ ಸಣ್ಣ ದೋಣಿಗೆ ಇಳಿಸುತ್ತಾರೆ. ಅಮ್ಮನ ಮಂಡಿಗೆ ಅದು ಆಗುವ ಮಾತಲ್ಲ. ಮುಂಬೈಯ ಬಲ್ಲಾರ್ಡ್ ಪಿಯರ್‌ನಲ್ಲೂ ಗೋವಾದ ಮೊರ್ಮುಗಾವ್‌ನಲ್ಲೂ ಹಡಗು ದಕ್ಕೆಗೆ ಒತ್ತಿ ನಿಲ್ಲುತ್ತದೆ, ಏಣಿ ಸೇತುವೆಯ ಮೇಲೆ ನಡೆದು ಹೋಗಬಹುದು. ಊರಿನ ಹೆಸರು ನೋಡಿ ಟಿಕೆಟ್ ತೆಗೆಯಬೇಡಿ, ಹಡಗು ಹೇಗೆ ನಿಲ್ಲುತ್ತದೆ ಅಂತ ಕೇಳಿ.

ಇನ್ನು ವಾಂತಿ. ಇದಕ್ಕೆ ನಾನು ಮಾಡಿದ ಪ್ರಯೋಗ ನೋಡಿ ಮನೆಯವರು ನನ್ನನ್ನು ವಿಜ್ಞಾನಿ ಅಂತ ಕರೆಯಲು ಶುರು ಮಾಡಿದರು. ಡಿಸೆಂಬರ್‌ನಲ್ಲಿ ಅಮ್ಮನನ್ನು ಅಂಬಾರಗೋಡ್ಲಿಗೆ ಕರೆದೊಯ್ದು ಲಿಂಗನಮಕ್ಕಿ ಹಿನ್ನೀರು ದಾಟಿಸುವ ಸಿಗಂದೂರಿನ ಲಾಂಚ್ ಹತ್ತಿಸಿದೆ. ಆಗಿನ್ನೂ ಸೇತುವೆ ಆಗಿರಲಿಲ್ಲ, ಅದು ಉದ್ಘಾಟನೆಯಾದದ್ದು 2025ರ ಜುಲೈಯಲ್ಲಿ. ಒಮ್ಮೆ ಕಾರಿನೊಳಗೆ ಕೂರಿಸಿ, ಒಮ್ಮೆ ಕಂಬಿ ಹಿಡಿದು ನಿಲ್ಲಿಸಿ, ಒಮ್ಮೆ ಖಾಲಿ ಹೊಟ್ಟೆಯಲ್ಲಿ. ಏನೂ ಆಗಲಿಲ್ಲ. ಅಮ್ಮ ನಕ್ಕರು: "ಈ ನೀರಿನ ಮೇಲೆ ನಾನು ಎಷ್ಟು ಓಡಾಡಿದ್ದೆ ಗೊತ್ತುಂಟಾ? ಇದರಲ್ಲಿ ಅಲೆ ಎಲ್ಲುಂಟು?" ಸರಿಯೇ. ಹಾಗಾಗಿ ಎರಡನೇ ಪ್ರಯೋಗ ಆಗುಂಬೆ ಘಾಟಿಯಲ್ಲಿ. ಹದಿನಾಲ್ಕು ತಿರುವು, ಬಸ್ಸಿನ ಹಿಂದಿನ ಸೀಟು. ಏಳೋ ಎಂಟೋ ತಿರುವಿಗೆ ಅಮ್ಮನ ಮುಖ ಬಿಳಚಿಕೊಂಡಿತು. ಮರುವಾರ ಡಾಕ್ಟರು ಹೇಳಿದ ಅರ್ಧ ಮಾತ್ರೆ ಕೊಟ್ಟು ಅದೇ ಬಸ್ಸು, ಅದೇ ಸೀಟು. ಆರಾಮಾಗಿ ಇಳಿದರು, ಆದರೆ ಮನೆಗೆ ಬಂದು ಸಂಜೆವರೆಗೆ ನಿದ್ದೆ. ಅಂಥ ನಿದ್ದೆಗಣ್ಣಲ್ಲಿ ಅಲುಗುವ ಹಡಗಿನ ಬಚ್ಚಲಿಗೆ ಹೋದರೆ ಬೀಳುವುದೇ ಸೈ. ಹಾಗಾಗಿ ಮಾತ್ರೆ ತುರ್ತಿಗೆ ಮಾತ್ರ ಅಂತ ತೀರ್ಮಾನ ಮಾಡಿದೆ. ಶುಂಠಿ ಸಾಕು. ಶುಂಠಿ ಜೊತೆ ಇನ್ನೊಂದು ವಸ್ತು ಸೇರಿಸಿ ಉಂಡೆ ಮಾಡಿದ್ದೆ, ಅದೇನು ಅಂತ ಇಲ್ಲಿ ಹೇಳುವುದಿಲ್ಲ. ನನ್ನ ಬಸ್ಸಿಗೆ ಬಂದವರಿಗೆ ಕೊಡುತ್ತೇನೆ.

ಬಚ್ಚಲು ಅಂದೆನಲ್ಲ, ಅದರ ಬಗ್ಗೆ ಯಾರೂ ಹೇಳುವುದಿಲ್ಲ. ಹಡಗಿನ ಕೋಣೆಯ ಬಚ್ಚಲಿನ ಬಾಗಿಲಲ್ಲಿ ನೀರು ಹೊರಗೆ ಬರದಂತೆ ಎತ್ತರದ ಹೊಸ್ತಿಲು ಇರುತ್ತದೆ. ಫೋಟೋ ನೋಡಿ ಅಂದಾಜು ಮಾಡಿದೆ, ಐದಾರು ಬೆರಳು. ಮನೆಯ ಬಚ್ಚಲ ಬಾಗಿಲಿಗೆ ಅಡ್ಡಲಾಗಿ ಒಂದು ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ, ಕಟ್ಟಿದೆ. ಒಂದು ತಿಂಗಳು ಅಮ್ಮ ಕಾಲೆತ್ತಿ ದಾಟಿದರು. ಮೊದಲ ವಾರ ನಾನೇ ಎರಡು ಸಲ ಎಡವಿದೆ, ಹೆಂಡತಿ ಒಂದು ದಿನ ಕಿತ್ತು ಎಸೆದಳು, ಮತ್ತೆ ಕಟ್ಟಿದೆ. ಹಡಗಿನಲ್ಲಿ ಅಮ್ಮ ಆ ಹೊಸ್ತಿಲನ್ನು ನೋಡಿ, "ಇದು ನಮ್ಮ ದಬ್ಬೆಗಿಂತ ಗಿಡ್ಡ" ಅಂದರು. ಈ ಇಡೀ ಯೋಜನೆಯಲ್ಲಿ ನನಗೆ ಅತಿ ಹೆಮ್ಮೆ ಇರುವುದು ಆ ದಬ್ಬೆಯ ಬಗ್ಗೆ.

ಕೋಣೆ ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಮಧ್ಯ, ಲಿಫ್ಟಿಗೆ ಹತ್ತಿರ ಇರಬೇಕು. ಅಲ್ಲಿ ತೂಗಾಟ ಕಡಿಮೆ. ಜನ ಬಾಲ್ಕನಿ ಅಂತ ಮೇಲಿನದಕ್ಕೆ ಮುಗಿಬೀಳುತ್ತಾರೆ, ಬೀಳಲಿ. ಅಂಥ ಕೋಣೆಯನ್ನು ಕಡಿಮೆ ದರಕ್ಕೆ ಹಿಡಿಯಲು ಯಾವ ದಿನ, ಯಾವ ಹೊತ್ತಿಗೆ ಬುಕ್ ಮಾಡಬೇಕು ಅನ್ನುವುದು ನನ್ನ ಹೊಟ್ಟೆಪಾಡು, ಅದನ್ನು ಬಿಟ್ಟುಕೊಡಲಾರೆ. ಜಾಹೀರಾತಿನಲ್ಲಿ ತಲೆಗೆ 14–15 ಸಾವಿರ ಅಂತಿತ್ತು. ಬಂದರು ಶುಲ್ಕ, ಸೇವಾ ಶುಲ್ಕ, ಜಿಎಸ್‌ಟಿ, ಕಿಟಕಿ ಇರುವ ಕೋಣೆ ಎಲ್ಲ ಸೇರಿ ಇಬ್ಬರಿಗೆ 46 ಸಾವಿರದ ಹತ್ತಿರ ಆಯಿತು. ರೈಲು, ಮುಂಬೈಯ ಒಂದು ರಾತ್ರಿ, ಟ್ಯಾಕ್ಸಿ ಸೇರಿ ಒಟ್ಟು 65 ಸಾವಿರ ಇರಬಹುದು. ಲಂಕಾದಲ್ಲಿ ಮುಳುಗಿದ್ದನ್ನು ಸೇರಿಸಿಲ್ಲ.

ಅಡಿಕೆ ಕೊಯ್ಲು ಮುಗಿದ ಮೇಲೆ ಹೊರಟೆವು. ಸಮುದ್ರವೂ ಆಗ ಶಾಂತ. ಗೇರುಸೊಪ್ಪೆ ಘಾಟಿ ಇಳಿದು ಕುಮಟಾದಲ್ಲಿ ಅಕ್ಕನ ಮನೆಯಲ್ಲಿ ಒಂದು ದಿನ ವಿಶ್ರಾಂತಿ, ಅಲ್ಲಿಂದ ಮತ್ಸ್ಯಗಂಧ ರೈಲು. ಹಡಗು ಹೊರಡುವ ಹಿಂದಿನ ದಿನವೇ ಮುಂಬೈ ತಲುಪಿ ಮಾಟುಂಗದಲ್ಲಿ ಉಳಿದೆವು, ಅಮ್ಮನಿಗೆ ಅಲ್ಲಿ ಇಡ್ಲಿ ಸಿಗುತ್ತೆ. ಅದೇ ದಿನ ರೈಲಿಳಿದು ಹಡಗು ಹತ್ತುವ ಸಾಹಸ ಹಿರಿಯರ ಜೊತೆ ಬೇಡ, ರೈಲು ಮೂರು ಗಂಟೆ ತಡವಾದರೆ ಕತೆ ಮುಗಿಯಿತು. ಬಂದರಿನ ಗೇಟಿನಲ್ಲಿ ಆಧಾರ್ ನೋಡಿದರು, ಟಿಕೆಟ್ ನೋಡಿದರು, ಅಮ್ಮನ ಮುಖ ನೋಡಿದರು. ಎರಡೇ ನಿಮಿಷ. ಎರಡು ವರ್ಷದ ಒದ್ದಾಟ ಎರಡು ನಿಮಿಷದಲ್ಲಿ ಮುಗಿದಾಗ ಒಂಥರಾ ಬೇಜಾರೇ ಆಯಿತು.

ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೆ ಜೈನ ಊಟ ಅಂತ ಮೊದಲೇ ಬರೆಸಿ, ಚೆನ್ನಾಗಿರುತ್ತದೆ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಆದರೂ ಅಮ್ಮನ ತಟ್ಟೆಯಲ್ಲಿ ಎರಡು ಅಪ್ಪೆಮಿಡಿ ಇದ್ದವು. ಅವು ಹೇಗೆ ಬಂದವು ಅನ್ನುವುದು ಅಮ್ಮನಿಗೂ ಅಕ್ಕನಿಗೂ ಬಿಟ್ಟದ್ದು. ತೀರ ಬಿಟ್ಟ ಮೇಲೆ ಫೋನ್ ಸಿಗ್ನಲ್ ಹೋಗುತ್ತದೆ, ಮನೆಯವರಿಗೆ ಮೊದಲೇ ಹೇಳಿಡಿ. ನಾನು ಹೇಳಿರಲಿಲ್ಲ. ಗೋವಾ ಹತ್ತಿರ ಬಂದಾಗ ಹೆಂಡತಿಯ ಹತ್ತೊಂಬತ್ತು ಮಿಸ್ಡ್ ಕಾಲ್.

ಅಮ್ಮನಿಗೆ ಒಂದು ಚೂರೂ ವಾಕರಿಕೆ ಬರಲಿಲ್ಲ. ಮೊದಲ ರಾತ್ರಿ ವಾಂತಿ ಮಾಡಿಕೊಂಡದ್ದು ನಾನು. ಪ್ರಯೋಗವನ್ನೆಲ್ಲ ಅಮ್ಮನ ಮೇಲೆ ಮಾಡಿದ್ದೆ, ನನ್ನ ಮೇಲೆ ಮಾಡಿಕೊಂಡಿರಲಿಲ್ಲ. ಉಂಡೆ ತಿನ್ನಿಸಿ ಬೆನ್ನು ನೀವಿದವರು ಅವರೇ.

ಎರಡನೇ ರಾತ್ರಿ ಊಟ ಆದ ಮೇಲೆ ಮೇಲಿನ ಅಂತಸ್ತಿಗೆ ಕರೆದೊಯ್ದೆ. ಒಂದು ಕಡೆ ಜೋರು ಹಾಡು, ಕುಣಿತ. ಇನ್ನೊಂದು ಕಡೆ ಕತ್ತಲು ನೀರು. ಅಮ್ಮ ಕಂಬಿ ಹಿಡಿದು ಕೆಳಗೆ ನೋಡುತ್ತಾ ಬಹಳ ಹೊತ್ತು ನಿಂತರು. ಆಮೇಲೆ ಕೇಳಿದರು: "ಇದರ ಅಡಿಗೆ ಯಾರ ಊರೂ ಇಲ್ಲ ಅಲ್ವಾ?"

ಇಲ್ಲ ಅಮ್ಮ, ಇದು ಸಮುದ್ರ ಅಂದೆ.

"ಹಂಗಾರೆ ಸರಿ" ಅಂದು ಕುರ್ಚಿಗೆ ಬಂದು ಕೂತರು.

ಗೋವಾದಲ್ಲಿ ಇಳಿಯುವ ಟಿಕೆಟ್ ತೆಗೆದದ್ದಕ್ಕೆ ಮನೆಗೆ ಅರ್ಧ ದಾರಿ ಹಡಗೇ ತಂದುಬಿಟ್ಟಿತ್ತು. ಮಡಗಾಂವ್‌ನಿಂದ ರೈಲು, ಸಂಜೆಗೆ ಕುಮಟಾ. ಹೋಗಿ ಬರುವ ಟಿಕೆಟ್ ತೆಗೆದು ಮತ್ತೆ ಮುಂಬೈಗೆ ಮರಳುವುದು ನಮ್ಮ ಕಡೆಯವರಿಗೆ ಸುಮ್ನೆ ದಂಡ.

ಈ ಸಲ ಕೊಯ್ಲು ಮುಗಿದ ಮೇಲೆ ಒಂಬತ್ತು ಜನರನ್ನು ಕರೆದೊಯ್ಯುತ್ತಿದ್ದೇನೆ, ಭಾವನ ತಾಯಿಯೂ ಇದ್ದಾರೆ. ನಿನ್ನೆ ಎಲ್ಲರ ಆಧಾರ್ ಜೆರಾಕ್ಸ್ ಹರಡಿಕೊಂಡು ಕೂತಿದ್ದೆ. ಒಂಬತ್ತರಲ್ಲಿ ಆರು ಜನ ಹುಟ್ಟಿದ್ದು ಜನವರಿ 1ಕ್ಕೆ. ದಬ್ಬೆ ಒಂಬತ್ತು ಸೀಳಿಸಿ ಇಟ್ಟಿದ್ದೇನೆ.