ಕೆಂಪು ಬಿಲ್ಲೆ ಹಾಕಿದವರನ್ನು ‘ಯಾಕೆ?’ ಅಂತ ಕೇಳಬೇಡಿ

ಮಲೆನಾಡಿನ ಊಟದ ಪಂಕ್ತಿಯಲ್ಲಿ ಕೂತವರಿಗೆ ಇದು ಹೊಸದೇನಲ್ಲ. ಸಾಕು ಅನಿಸಿದರೆ ಎಲೆಗೆ ಕೈ ಅಡ್ಡ ಹಿಡಿಯುತ್ತೇವೆ. ಆದರೂ ಬೆರಳ ಸಂದಿಯಲ್ಲೇ ಇನ್ನೊಂದು ಹೋಳಿಗೆ ಜಾರಿಸಿ ಹೋಗುವ ಮಾವಂದಿರು ಇದ್ದೇ ಇರುತ್ತಾರೆ, ಅಲ್ವಾ? ಶಿವಮೊಗ್ಗದ ನಮ್ಮ ಓದುವವರ ಕೂಟದಲ್ಲಿ, ಯಾರನ್ನು ಮಾತಾಡಿಸಬಹುದು ಅಂತ ತೋರಿಸುವ ಬಣ್ಣದ ಬಿಲ್ಲೆ ಶುರು ಮಾಡಿದಾಗಲೂ ಇದೇ ಕಥೆ.

ಪದ್ಧತಿ ನಮ್ಮದಲ್ಲ. ಅಮೆರಿಕದಲ್ಲಿ ಆಟಿಸಂ ಇರುವವರೇ, ಅಂದರೆ ಹುಟ್ಟಿನಿಂದಲೇ ಮಾತಾಡುವ, ಜನರ ಜೊತೆ ಬೆರೆಯುವ ರೀತಿ ಬೇರೆ ಇರುವವರೇ, ತಮ್ಮ ಕೂಟಗಳಿಗೆ ಮಾಡಿಕೊಂಡಿದ್ದು. ಹಸಿರು ಅಂದರೆ ಬಂದು ಮಾತಾಡಿಸಿ, ಮಾತು ಶುರು ಮಾಡೋದು ನನಗೆ ಕಷ್ಟ ಆಗಬಹುದು. ಹಳದಿ ಅಂದರೆ ಪರಿಚಯದವರು ಮಾತ್ರ. ಕೆಂಪು ಅಂದರೆ ಸದ್ಯಕ್ಕೆ ಯಾರೂ ಬೇಡ. ಕೆಂಪು, ಹಸಿರು ಬೇರೆ ಬೇರೆ ಕಾಣದ ಜನ ಇದ್ದಾರೆ, ಹಾಗಾಗಿ ಆಕಾರವೂ ಬೇರೆ ಇರಲಿ: ಹಸಿರು ದುಂಡಗೆ, ಹಳದಿ ಮೂರು ಮೂಲೆ, ಕೆಂಪು ಚೌಕ.

ನಾವು ಮೊದಲು ರಟ್ಟಿನಲ್ಲಿ ಮಾಡಿದ್ದೆವು. ಆಷಾಢದ ಮಳೆಗೆ ಬಣ್ಣ ಇಳಿದು, ಬಂದವರ ಅಂಗಿಯೆಲ್ಲ ಹೋಳಿ ಆಡಿದ ಹಾಗೆ ಆಯಿತು. ಈಗ ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ ಕತ್ತರಿಸುತ್ತೇವೆ. ಒಣಗಿದ್ದನ್ನೇ ಕತ್ತರಿಸಿದರೆ ಸೀಳುತ್ತೆ. ದಾರಕ್ಕೆ ತೂತು ಕೂಡ ಹಸಿ ಇದ್ದಾಗಲೇ ಮಾಡಿ, ಒಣಗಿದ ಮೇಲೆ ಆಯಿಲ್ ಪೇಂಟ್ ಬಳಿಯಿರಿ. ಕೈಗೆ ಕಟ್ಟಬೇಡಿ, ಕೈ ಹಿಂದೆ ಹೋದರೆ ಕಾಣಲ್ಲ. ಎದೆಯ ಮೇಲೆ ಇರಲಿ. ಮೂರನ್ನೂ ಪ್ರತಿಯೊಬ್ಬರಿಗೂ ಕೊಡಿ. ಬೆಳಿಗ್ಗೆ ಹಸಿರು ಹಾಕಿದವರಿಗೆ ಊಟದ ಹೊತ್ತಿಗೆ ಸುಸ್ತಾಗಿ ಕೆಂಪು ಬೇಕಾಗಬಹುದು, ಅದಕ್ಕೆ ಮತ್ತೆ ಬಂದು ಯಾರನ್ನೋ ಕೇಳುವ ಹಾಗಿರಬಾರದು.

ಫೋಟೋಗೆ ಬೇರೆಯದೇ ಗುರುತು ಬೇಕು. ಮಾತಾಡೋಕೆ ಇಷ್ಟ ಇರುವವರಿಗೆಲ್ಲ ಫೋಟೋ ಇಷ್ಟ ಇರುತ್ತೆ ಅಂತೇನಿಲ್ಲ. ನಾವು ಕುತ್ತಿಗೆಗೆ ಅಗಲವಾದ ಬಿಳಿ ಪಟ್ಟಿ ಕೊಡುತ್ತೇವೆ, ಬಿಳಿ ಕಂಡರೆ ಕ್ಯಾಮೆರಾ ಇಳಿಸಬೇಕು. ಗ್ರೂಪ್ ಫೋಟೋ ಅಂದರೆ ಮೊದಲೇ ಕೂಗಿ ಹೇಳಿ, ಬೇಡದವರು ಪಕ್ಕಕ್ಕೆ ಹೋಗಲಿ. ‘ಬನ್ರೀ, ಒಂದೇ ಒಂದು’ ಅಂತ ಎಳೆಯಬೇಡಿ.

ಹಸಿರು ಬಿಲ್ಲೆ ಮಾತಿಗೆ ಮಾತ್ರ. ಹೆಗಲ ಮೇಲೆ ಕೈ ಹಾಕೋಕೆ, ಮಕ್ಕಳ ಕೆನ್ನೆ ಹಿಂಡೋಕೆ ಅದು ಒಪ್ಪಿಗೆ ಅಲ್ಲ. ಇದನ್ನು ಶುರುವಿನಲ್ಲೇ ಮೈಕಿನಲ್ಲಿ ಹೇಳಿ, ಬಾಗಿಲ ಹತ್ತಿರ ದೊಡ್ಡದಾಗಿ ಬರೆದೂ ಹಾಕಿ. ಬಿಲ್ಲೆಯೇ ಹಾಕದವರನ್ನು ಏನು ಮಾಡೋದು? ‘ಮಾತಾಡಬಹುದಾ?’ ಅಂತ ಸುಮ್ನೆ ಕೇಳಿ, ಅಷ್ಟೇ.

ನಮ್ಮಲ್ಲಿ ಎಡವಟ್ಟು ಮಾಡಿದ್ದು ನಾನೇ. ಕೆಂಪು ಹಾಕಿ ಕಿಟಕಿ ಪಕ್ಕ ಕೂತಿದ್ದ ಹುಡುಗಿಯ ಹತ್ತಿರ ಹೋಗಿ ‘ಯಾಕಮ್ಮ, ಹುಷಾರಿಲ್ವಾ?’ ಅಂದೆ. ಅವಳು ಏನೂ ಹೇಳಲಿಲ್ಲ, ಬಿಲ್ಲೆಯನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಮುಖಕ್ಕೆ ತೋರಿಸಿದಳು. ಕಾಫಿ ಲೋಟ ಅಲ್ಲೇ ಇಟ್ಟು ವಾಪಸ್ ಬಂದೆ.