ವಾರಪೂರ್ತಿ ದಡವಿಲ್ಲ: ಹಡಗಿನಲ್ಲಿ ಅಟ್ಲಾಂಟಿಕ್ ದಾಟಿದ ನನ್ನ ಅನುಭವ

ನಮ್ಮ ರಾಯಚೂರಿನಿಂದ ಯಾವ ದಿಕ್ಕಿಗೆ ಹೋದರೂ ಸಮುದ್ರ ದೂರವೇ. ನಮಗೆ ನೀರು ಅಂದರೆ ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ. ಬೇಸಿಗೆಯಲ್ಲಿ ಎರಡರಲ್ಲೂ ಬಂಡೆ ಕಾಣುತ್ತವೆ. ಅಂಥ ಊರಿನವರಾದ ನಾನು ಮತ್ತು ನಮ್ಮ ಮನೆಯವರು ಅಮೆರಿಕದ ಮಗಳ ಮನೆಗೆ ಹಡಗಿನಲ್ಲಿ ಹೊರಟಿದ್ದೇವೆ ಅಂದಾಗ ಓಣಿಯವರು ಕೇಳಿದ್ದು ಒಂದೇ ಮಾತು: "ಟೀಚರ್, ಅಷ್ಟ್ ದಿನ ನೀರಾಗ ಏನ್ ಮಾಡ್ತೀರಿ?"

ಕೇಳಬೇಕಾದ ಪ್ರಶ್ನೆಯೇ ಅದು. ಕ್ರೂಸ್ ಹೋಗಿ ಬಂದವರು ಹೆಚ್ಚಾಗಿ ಬಂದರುಗಳ ಬಗ್ಗೆ ಹೇಳುತ್ತಾರೆ. ಅಲ್ಲಿ ಚರ್ಚ್ ನೋಡಿದೆವು, ಇಲ್ಲಿ ಶಾಪಿಂಗ್ ಮಾಡಿದೆವು ಅಂತ. ಬಂದರಿನ ದಿನ ಹೇಗೋ ಕಳೆದುಹೋಗುತ್ತದೆ, ಕಾಲು ನೋವು ಮಾತ್ರ ಉಳಿಯುತ್ತದೆ. ತಯಾರಿ ಬೇಕಾದದ್ದು ದಡ ಕಾಣದ ದಿನಗಳಿಗೆ. ನಾನು ಬರೆಯುತ್ತಿರುವುದು ಜಾಸ್ತಿ ಅದರ ಬಗ್ಗೆಯೇ.

ಮೊದಲು ದಾರಿ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಓಡಾಡುವ ಹಡಗುಗಳಲ್ಲಿ ಹಲವು, ಅಕ್ಟೋಬರ್, ನವೆಂಬರ್ ಹೊತ್ತಿಗೆ ಕೆರಿಬಿಯನ್ ಕಡೆ ಹೊರಡುತ್ತವೆ. ಏಪ್ರಿಲ್, ಮೇನಲ್ಲಿ ವಾಪಸ್ ಬರುತ್ತವೆ. ಖಾಲಿ ಹೋಗುವ ಬದಲು ಜನರನ್ನು ಹತ್ತಿಸಿಕೊಳ್ಳುತ್ತವೆ. ಟ್ರಾವೆಲ್ಸ್‌ನವರು ಇದಕ್ಕೆ ರೀಪೊಸಿಷನಿಂಗ್ ಕ್ರೂಸ್ ಅಂತಾರೆ. ಬಂದರು ಕಡಿಮೆ, ಹಾಗಾಗಿ ಒಂದು ದಿನಕ್ಕೆ ಬೀಳುವ ದರವೂ ಸಾಮಾನ್ಯವಾಗಿ ಕಡಿಮೆ. ನಾವು ಹತ್ತಿದ್ದು ಸ್ಪೇನಿನ ಬಾರ್ಸಿಲೋನಾದಲ್ಲಿ, ಇಳಿದದ್ದು ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ. ನಡುವೆ ಸ್ಪೇನಿನ ಇನ್ನೊಂದೆರಡು ಬಂದರು, ಆಮೇಲೆ ಪೋರ್ಚುಗಲ್‌ಗೆ ಸೇರಿದ ಮದೀರಾ ದ್ವೀಪದ ಫುಂಶಾಲ್. ಅದು ಬಿಟ್ಟರೆ ವಾರಪೂರ್ತಿ ನೀರೇ ನೀರು.

ವೀಸಾ ಎರಡು ಬೇಕು. ಸ್ಪೇನ್, ಪೋರ್ಚುಗಲ್ ಎರಡಕ್ಕೂ ಒಂದೇ ಷೆಂಗೆನ್ ವೀಸಾ ನಡೆಯುತ್ತದೆ. ಆದರೆ ಹಡಗು ನಡುವೆ ಮೊರಾಕ್ಕೋದಂಥ ಕಡೆ ನಿಂತು ಮತ್ತೆ ಯುರೋಪಿನ ಬಂದರಿಗೆ ಬರುವುದಿದ್ದರೆ ಮಲ್ಟಿಪಲ್ ಎಂಟ್ರಿ ಕೇಳಿ ಹಾಕಿಸಿಕೊಳ್ಳಿ. ಅಮೆರಿಕದ್ದು ಮಗಳಿಂದಾಗಿ ನಮ್ಮಲ್ಲಿ ಮೊದಲೇ ಇತ್ತು. ರಾಯಚೂರಿನವರಿಗೆ ಅದಕ್ಕೆ ಹೈದರಾಬಾದ್ ಅನುಕೂಲ, ರೈಲು ಹತ್ತಿದರೆ ಆಯಿತು.

ಹೊರಡುವ ಮುಂಚಿನ ಒಂದು ಕೆಲಸವನ್ನು ಮಾತ್ರ ಒತ್ತಿ ಹೇಳುತ್ತೇನೆ. ನಡುಸಮುದ್ರದಲ್ಲಿ ಬ್ಯಾಂಕಿನ ಒಟಿಪಿ ಬರುತ್ತದೆ ಅಂತ ನಂಬಿ ಕೂರಬೇಡಿ. ಹಡಗಿನ ವೈಫೈ ಕೊಂಡರೆ ವಾಟ್ಸಾಪ್ ನಡೆಯುತ್ತದೆ, ಆದರೆ ಒಟಿಪಿ ಬರುವುದು ಎಸ್ಸೆಮ್ಮೆಸ್ಸಿನಲ್ಲಿ ಅಲ್ವಾ? ಹಾಗಾಗಿ ಜೆಸ್ಕಾಂ ಬಿಲ್, ವಿಮೆಯ ಕಂತು, ಚೀಟಿ ದುಡ್ಡು ಎಲ್ಲವನ್ನೂ ಮೊದಲೇ ಕಟ್ಟಿದೆವು. ನಮ್ಮಂಥ ಪಿಂಚಣಿದಾರರಿಗೆ ನವೆಂಬರ್ ಅಂದರೆ ಜೀವಿತ ಪ್ರಮಾಣಪತ್ರದ ತಿಂಗಳು. ಮನುಷ್ಯ ಅಟ್ಲಾಂಟಿಕ್ ನಡುವೆ ಬದುಕಿದ್ದರೂ ಬ್ಯಾಂಕಿಗೆ ಕಾಗದ ಬೇಕು! ಬ್ಯಾಂಕಿಗೆ ಹೋಗಿ ಕೇಳಿಕೊಂಡೇ ಹೊರಟೆವು. ಇನ್ನು ಹಡಗು ಹತ್ತಿದ ಕೂಡಲೇ ಫೋನ್ ಫ್ಲೈಟ್ ಮೋಡಿಗೆ ಹಾಕಿ. ಹಡಗಿನಲ್ಲೂ ಮೊಬೈಲ್ ಸಿಗ್ನಲ್ ಸಿಗುತ್ತದೆ, ಅದು ಸ್ಯಾಟಲೈಟಿನದು, ಸುಮ್ನೆ ಜೇಬಿನಲ್ಲಿಟ್ಟುಕೊಂಡರೂ ರೋಮಿಂಗ್ ಬಿಲ್ ಏರಬಹುದು.

ಕ್ಯಾಬಿನ್ ಆರಿಸುವಾಗ ಮಗಳು ಬಾಲ್ಕನಿ ಅಂದಳು, ನಾನು ನಡು ಅಂದೆ. ಹಡಗಿನ ಮುಂಭಾಗ ಏರಿ ಇಳಿಯುತ್ತದೆ, ಹಿಂಭಾಗವೂ ಹಾಗೆಯೇ, ಮೇಲಿನ ಡೆಕ್ಕುಗಳು, ಅಂದರೆ ಮಹಡಿಗಳು, ಜಾಸ್ತಿ ತೂಗುತ್ತವೆ. ಕೆಳಗಿನ ಡೆಕ್ಕಿನ ನಡುಭಾಗದಲ್ಲಿ ಓಲಾಟ ಎಲ್ಲಕ್ಕಿಂತ ಕಡಿಮೆ. ನಾವು ಅಲ್ಲೇ ಒಂದು ಕಿಟಕಿಯ ಕೋಣೆ ತೆಗೆದುಕೊಂಡೆವು. ಬಾಲ್ಕನಿಯ ದುಡ್ಡು ಉಳಿಯಿತು. ನೀರು ನೋಡಬೇಕಾದರೆ ಇಡೀ ಡೆಕ್ ಇದೆಯಲ್ಲ.

ಕೋಣೆ ಚಿಕ್ಕದು, ಆದರೆ ಗೋಡೆ ಹೆಚ್ಚಾಗಿ ಉಕ್ಕಿನದು. ಅಯಸ್ಕಾಂತದ ಕೊಕ್ಕೆಗಳನ್ನು ಒಯ್ದರೆ ಟೋಪಿ, ಚೀಲ, ಒದ್ದೆ ಟವೆಲ್ ಎಲ್ಲ ಗೋಡೆಗೆ ನೇತುಹಾಕಬಹುದು. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಎರಡನ್ನೂ ಬಿಡುವುದಿಲ್ಲ. ಎಕ್ಸ್‌ಟೆನ್ಷನ್ ಬೋರ್ಡನ್ನೂ ಹಲವು ಕಡೆ ತಪಾಸಣೆಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಹಡಗಿನಲ್ಲಿ ಅತಿ ದೊಡ್ಡ ಭಯ ಅಂದರೆ ಬೆಂಕಿ, ಅದಕ್ಕೇ ಈ ಬಿಗಿ. ದೇವರ ದೀಪಕ್ಕೂ, ಊದುಬತ್ತಿಗೂ ಇದೇ ನಿಯಮ. ನಾನು ಬೆಳಿಗ್ಗೆ ಕೈಮುಗಿದು ವಿಭೂತಿ ಹಚ್ಚಿಕೊಳ್ಳುತ್ತಿದ್ದೆ, ಅಷ್ಟೇ.

ಬಾತ್‌ರೂಮಿನ ವಿಷಯ ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಬಕೆಟ್ ಇಲ್ಲ, ಚೊಂಬಿಲ್ಲ, ಕೈಯಲ್ಲಿ ಹಿಡಿಯುವ ಜೆಟ್ ಸ್ಪ್ರೇಯೂ ಇಲ್ಲ. ಮಡಚುವ ರಬ್ಬರ್ ಮಗ್ ಒಂದನ್ನು ಮನೆಯಿಂದಲೇ ಒಯ್ಯಿರಿ. ಟಾಯ್ಲೆಟ್ ವ್ಯಾಕ್ಯೂಮ್‌ನದು. ಬಟನ್ ಒತ್ತಿದರೆ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಗರ್ರ್ ಅಂತ ಎಳೆದುಕೊಳ್ಳುತ್ತದೆ. ಮುಚ್ಚಳ ಹಾಕಿಯೇ ಒತ್ತಿ. ಅವರು ಕೊಟ್ಟ ಕಾಗದ ಬಿಟ್ಟು ಬೇರೇನನ್ನು ಹಾಕಿದರೂ ಪೈಪ್ ಕಟ್ಟಿ, ಆಚೀಚೆ ಕೋಣೆಯವರಿಗೂ ತೊಂದರೆ.

ಮೊದಲ ದಿನ ಮಸ್ಟರ್ ಡ್ರಿಲ್ ಇರುತ್ತದೆ. ಅಪಾಯ ಬಂದರೆ ಯಾರು ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಕಟ್ಟಬೇಕು ಅಂತ ತೋರಿಸುತ್ತಾರೆ. ಏಳು ಸಲ ಗಿಡ್ಡ ಸದ್ದು, ಕೊನೆಗೊಂದು ಉದ್ದ ಸದ್ದು ಬಂದರೆ ಅದು ಅಪಾಯದ ಕರೆ. 2012ರಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾನ್ಕಾರ್ಡಿಯಾ ಹಡಗು ಬಂಡೆಗೆ ಬಡಿದು ಮಗುಚಿದಾಗ, ಆಗಷ್ಟೇ ಹತ್ತಿದ್ದ ಎಷ್ಟೋ ಜನರಿಗೆ ಡ್ರಿಲ್ಲೇ ಆಗಿರಲಿಲ್ಲ. ಆಮೇಲೆ ನಿಯಮ ಬಿಗಿಯಾಯಿತು. ಇದನ್ನು ತಪ್ಪಿಸಿಕೊಳ್ಳುವ ಜಾಣತನ ಬೇಡ.

ಈಗ ವಾಂತಿಯ ವಿಷಯ. ನಮ್ಮ ಮನೆಯವರಿಗೆ ಮಂತ್ರಾಲಯದ ಬಸ್ಸಿನಲ್ಲೇ ಹೊಟ್ಟೆ ತೊಳಸುತ್ತದೆ. ಊರಿನ ಡಾಕ್ಟರನ್ನು ಕೇಳಿ, ಬಿಪಿ ಮಾತ್ರೆಯ ಜೊತೆ ನಡೆಯುತ್ತದೆ ಅಂತ ಖಾತ್ರಿ ಮಾಡಿಕೊಂಡು ವಾಂತಿ ತಡೆಯುವ ಅವೊಮಿನ್ ಮಾತ್ರೆ ತಂದಿದ್ದೆವು. ಅದನ್ನು ತೊಳಸಲು ಶುರುವಾದ ಮೇಲಲ್ಲ, ಮೊದಲೇ ನುಂಗಬೇಕು. ನಿದ್ದೆ ಬರುತ್ತದೆ, ಹಾಗಾಗಿ ರಾತ್ರಿಯೇ ಒಳ್ಳೆಯದು. ಗಾಳಿ ಜೋರಾಗುವ ಸೂಚನೆಯನ್ನು ಹಡಗೇ ಕೊಡುತ್ತದೆ. ಈಜುಕೊಳದ ನೀರು ಈ ಅಂಚಿನಿಂದ ಆ ಅಂಚಿಗೆ ಚೆಲ್ಲಾಡತೊಡಗುತ್ತದೆ, ಸ್ವಲ್ಪ ಹೊತ್ತಿಗೆ ಅದರ ಮೇಲೆ ಬಲೆ ಬೀಳುತ್ತದೆ. ಲಿಫ್ಟಿನ ಪಕ್ಕ, ಮೆಟ್ಟಿಲ ಕಟಕಟೆಗೆ ಕಾಗದದ ಚೀಲಗಳನ್ನು ಸಿಕ್ಕಿಸಿ ಇಡುತ್ತಾರೆ. ಆ ಚೀಲ ಕಂಡ ಸಂಜೆ ಇವರು ಮಾತ್ರೆ ನುಂಗಿ, ಒಣ ಬ್ರೆಡ್ಡು, ಶುಂಠಿ ತಿಂದು ಮಲಗಿದರು. ಖಾಲಿ ಹೊಟ್ಟೆಯಲ್ಲಿ ಮಾತ್ರ ಇರಬಾರದು. ಎದ್ದು ಕೂತರೆ ದಿಗಂತದ ಗೆರೆಯನ್ನೇ ನೋಡಬೇಕು, ಮೊಬೈಲ್ ನೋಡಿದರೆ ಕೆಟ್ಟಿತು. ಎರಡನೇ ದಿನಕ್ಕೆ ಇವರು ನನಗಿಂತ ಗಟ್ಟಿಯಾಗಿ ನಡೆಯುತ್ತಿದ್ದರು.

ಊಟದ ಚಿಂತೆಯೇ ನಮ್ಮವರಿಗೆ ದೊಡ್ಡದು, ಗೊತ್ತು. ಮನೆಯಲ್ಲಿ ಮಾಡಿದ ಅಡುಗೆಯನ್ನು ಹಡಗಿಗೆ ಬಿಡುವುದು ಕಷ್ಟ. ಅಂಗಡಿಯ ಸೀಲ್ ಮಾಡಿದ ಪ್ಯಾಕೆಟ್ ಸಾಮಾನ್ಯವಾಗಿ ನಡೆಯುತ್ತದೆ. ಹಾಗಾಗಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಎಲ್ಲವನ್ನೂ ಪ್ಯಾಕೆಟ್ಟಿನವೇ ಕೊಂಡೆವು. ಟಿಕೆಟ್ ಮಾಡಿಸುವಾಗಲೇ ಶುದ್ಧ ಸಸ್ಯಾಹಾರ, ಮೊಟ್ಟೆಯೂ ಬೇಡ ಅಂತ ಬರೆಸಿದ್ದೆವು. ಅಷ್ಟಕ್ಕೇ ಬಿಡಬೇಡಿ. ಮೊದಲ ರಾತ್ರಿಯೇ ಊಟದ ಹಾಲ್‌ನ ಮುಖ್ಯಸ್ಥರನ್ನು ಕಂಡು ಮಾತಾಡಿ. ಹಡಗಿನ ಸಿಬ್ಬಂದಿಯಲ್ಲಿ ಫಿಲಿಪೀನ್ಸ್, ಇಂಡೋನೇಷ್ಯಾದವರ ಜೊತೆ ನಮ್ಮವರೂ ತುಂಬಾ ಇರುತ್ತಾರೆ. ನಮ್ಮ ಟೇಬಲ್ ನೋಡಿಕೊಂಡ ಹುಡುಗ ಗೋವಾದವನು. ದಿನಾ ರಾತ್ರಿ ನಾಳಿನ ಮೆನು ತಂದು, "ಆಂಟಿ, ಇದರಲ್ಲಿ ಇದು ನಿಮಗೆ ಆಗಲ್ಲ" ಅಂತ ಹಿಂದಿಯಲ್ಲಿ ಹೇಳಿ ಪೆನ್ನಿನಿಂದ ಗೆರೆ ಎಳೆಯುತ್ತಿದ್ದ. ಅವನಿಂದ ತಿಳಿದದ್ದು: ತರಕಾರಿ ಸೂಪು ಅಂತ ಬರೆದಿದ್ದರೂ ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿರಬಹುದು. ಮೆತ್ತಗಿನ ಸಿಹಿಗಳಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಜಿಲೆಟಿನ್ ಇರಬಹುದು. ಕೇಳಿಯೇ ತಿನ್ನಬೇಕು.

ಹಿಂದಿನ ರಾತ್ರಿ ಹೇಳಿಟ್ಟರೆ ಬೇಳೆ ಸಾರು, ಅನ್ನ, ಚಪಾತಿ ಬರುತ್ತಿತ್ತು. ಖಾರ ಮಾತ್ರ ಇಲ್ಲವೇ ಇಲ್ಲ. ಮೂರನೇ ರಾತ್ರಿ ನಾನು ಹಸಿಮೆಣಸಿನಕಾಯಿ ಕೇಳಿದೆ. ಬಿಳಿ ತಟ್ಟೆಯ ಮೇಲೆ ಬಿಳಿ ಕರವಸ್ತ್ರ ಹಾಸಿ, ಅದರ ಮೇಲೆ ಎರಡೇ ಎರಡು ಕಾಯಿ ಇಟ್ಟು, ಒಡವೆ ತೋರಿಸುವಂತೆ ತಂದುಕೊಟ್ಟ. ಪಕ್ಕದ ಟೇಬಲ್ಲಿನ ಇಂಗ್ಲಿಷ್ ದಂಪತಿ ಊಟ ಬಿಟ್ಟು ನನ್ನನ್ನೇ ನೋಡಿದರು. ನಾನು ಕಚ್ಚಿ ತಿಂದೆ. ಮರುದಿನದಿಂದ ಕೇಳದೆಯೇ ಬಂತು.

ಬಫೆಯಲ್ಲಿ ಇಡೀ ದಿನ ತಿನ್ನಲು ಏನಾದರೂ ಇದ್ದೇ ಇರುತ್ತದೆ, ಅದೇ ಅಪಾಯ. ನಾವು ಎರಡು ಹೊತ್ತು ಊಟ, ಬೆಳಿಗ್ಗೆ ಹಣ್ಣು ಅಂತ ಗೊತ್ತು ಮಾಡಿಕೊಂಡೆವು. ಒಳಹೋಗುವ ಮುಂಚೆ ಕೈಯನ್ನು ಸೋಪು ಹಚ್ಚಿ ತೊಳೆಯಿರಿ. ಹಡಗಿನಲ್ಲಿ ವಾಂತಿಭೇದಿ ಹರಡುವ ನೊರೊವೈರಸ್ ಸ್ಯಾನಿಟೈಸರಿಗೆ ಅಷ್ಟಾಗಿ ಬಗ್ಗುವುದಿಲ್ಲ.

ಇನ್ನು ನನಗೆ ಅತಿ ಇಷ್ಟವಾದ ಭಾಗ, ಗಡಿಯಾರ. ನಾನು ಗಣಿತದ ಟೀಚರ್ ಆಗಿದ್ದವಳು. ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗಿದರೆ ಗಂಟೆಗೆ 15 ಡಿಗ್ರಿ ಅಂತ ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೋ. ಅದನ್ನು ಅನುಭವಿಸಿದ್ದು ಇಲ್ಲಿ. ಪಶ್ಚಿಮಕ್ಕೆ ಹೋಗುವಾಗ ಕೆಲವು ರಾತ್ರಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಹಾಕಿ ಅಂತ ಚೀಟಿ ಬರುತ್ತದೆ. ಬಾರ್ಸಿಲೋನಾದಿಂದ ಫ್ಲೋರಿಡಾಕ್ಕೆ ಒಟ್ಟು ಆರು ಗಂಟೆ. ಅಂದರೆ ಆರು ರಾತ್ರಿ ಒಂದೊಂದು ಗಂಟೆ ನಿದ್ದೆ ಜಾಸ್ತಿ. ಇಳಿದಾಗ ಜೆಟ್ ಲ್ಯಾಗ್ ಇಲ್ಲ, ಮಗಳ ಮನೆಯಲ್ಲಿ ಮೊದಲ ದಿನವೇ ಹೊತ್ತಿಗೆ ಸರಿಯಾಗಿ ಎದ್ದೆವು. ಪೂರ್ವಕ್ಕೆ ಬರುವ ಹಡಗಿನಲ್ಲಿ ಇದು ಉಲ್ಟಾ, ನಿದ್ದೆ ಕತ್ತರಿಸಿಹೋಗುತ್ತದೆ. ಮೊದಲ ಸಲ ಹೋಗುವವರಿಗೆ ಪಶ್ಚಿಮದ ದಾರಿಯೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಬಿಪಿ ಮಾತ್ರೆಯನ್ನು ನಾವು ಬೆಳಗಿನ ತಿಂಡಿಯ ಜೊತೆಗೇ ನುಂಗುತ್ತಿದ್ದೆವು. ಇನ್ಸುಲಿನ್ ತೆಗೆದುಕೊಳ್ಳುವವರು ಈ ಹೊತ್ತಿನ ಬದಲಾವಣೆಯನ್ನು ಡಾಕ್ಟರಿಗೆ ಹೇಳಿ ಬರೆಸಿಕೊಂಡು ಬರಬೇಕು.

ಮಧ್ಯಾಹ್ನ ಕ್ಯಾಪ್ಟನ್ ಮೈಕಿನಲ್ಲಿ ಹಡಗು ಎಲ್ಲಿದೆ, ಗಾಳಿ ಎಷ್ಟು, ಕೆಳಗೆ ನೀರಿನ ಆಳ ಎಷ್ಟು ಅಂತ ಹೇಳುತ್ತಾರೆ. ಅದಕ್ಕಾಗಿ ನಾನು ನೋಟ್‌ಬುಕ್ ಹಿಡಿದು ಕಾಯುತ್ತಿದ್ದೆ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. 20 ನಾಟ್ ವೇಗ ಅಂದರೆ ಗಂಟೆಗೆ 37 ಕಿ.ಮೀ., ನಮ್ಮ ಊರಿನ ಸ್ಕೂಟರಿನ ವೇಗ. ಆದರೆ ಅದು ನಿಲ್ಲುವುದೇ ಇಲ್ಲ. 25 ಗಂಟೆಯ ಒಂದು ದಿನಕ್ಕೆ ಸುಮಾರು 925 ಕಿ.ಮೀ. ಆಗುತ್ತದೆ. ರಾಯಚೂರಿನಿಂದ ಬೆಂಗಳೂರಿಗೆ ಹೋಗಿ ಬಂದರೂ ಮಿಕ್ಕುತ್ತದೆ.

ರಾತ್ರಿ ದೀಪ ಕಡಿಮೆ ಇರುವ ಡೆಕ್ಕಿನ ಮೂಲೆ ಹುಡುಕಿ ಧ್ರುವ ನಕ್ಷತ್ರ ನೋಡಿ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಎತ್ತರವೋ ಅದೇ ನಾವಿರುವ ಅಕ್ಷಾಂಶ. ಬಾರ್ಸಿಲೋನಾ ಬಿಟ್ಟಾಗ ನಾಲ್ಕು ಮುಷ್ಟಿ ಇತ್ತು. ಫ್ಲೋರಿಡಾ ಹತ್ತಿರ ಬಂದಾಗ ಎರಡೂವರೆ. ನಮ್ಮ ರಾಯಚೂರಿನಲ್ಲಿ ಒಂದೂವರೆಯಷ್ಟೇ. ನಮ್ಮ ಮನೆಯವರು ಗಾಳಿಗೆ ಮಫ್ಲರ್ ಸುತ್ತಿಕೊಂಡು ನಿಂತು, "ಇನ್ನೂ ಎಷ್ಟ್ ಹೊತ್ತು ನಿನ್ನ ಮುಷ್ಟಿ?" ಅಂತಿದ್ದರು.

ಹಗಲು ಹೋಗುವುದು ಹೇಗೆ? ಬೆಳಿಗ್ಗೆ ಏಳರೊಳಗೆ ಡೆಕ್ ಸುತ್ತುತ್ತಿದ್ದೆವು, ಎಷ್ಟು ಸುತ್ತಿಗೆ ಒಂದು ಮೈಲಿ ಅಂತ ಅಲ್ಲೇ ಬೋರ್ಡ್ ಇರುತ್ತದೆ. ಸೀರೆ ಉಟ್ಟು ಅಲ್ಲಿ ನಡೆಯಲಾಗದು, ಚೂಡಿದಾರವೇ ಗತಿ. ಇಳಕಲ್ ಸೀರೆಯನ್ನು ಚೆನ್ನಾಗಿ ಡ್ರೆಸ್ ಮಾಡಿಕೊಂಡು ಬನ್ನಿ ಅನ್ನುವ ಊಟದ ರಾತ್ರಿಗಳಿಗೆ ಇಟ್ಟುಕೊಳ್ಳಿ. ಆಮೇಲೆ ಉಪನ್ಯಾಸ, ಇಸ್ಪೀಟು, ಗ್ರಂಥಾಲಯ. ನಾನು ಕ್ರೋಷಾ ಕಡ್ಡಿ, ದಾರ ಒಯ್ದಿದ್ದೆ. ಕಿಟಕಿ ಪಕ್ಕ ಕೂತು ಹೆಣೆಯತೊಡಗಿದರೆ ಯಾವ ದೇಶದ ಹೆಂಗಸಾದರೂ ಬಂದು ಕೂರುತ್ತಾಳೆ, ಭಾಷೆ ಬೇಕಿಲ್ಲ. ನೀರು ನೋಡುವುದಕ್ಕೂ ಕಣ್ಣು ಪಳಗಬೇಕು. ಅಲೆಯಿಂದ ಹಾರಿ ಮತ್ತೆ ಬೀಳುವ ಬೆಳ್ಳನೆಯ ಹಾರುಮೀನುಗಳು, ಗಾಳಿಯ ಗೆರೆಯಲ್ಲಿ ಸಾಲಾಗಿ ತೇಲುವ ಕಂದುಹಳದಿ ಸರ್ಗಾಸಮ್ ಪಾಚಿ, ಇವು ಕಾಣಲು ಸ್ವಲ್ಪ ದಿನ ಹಿಡಿಯುತ್ತದೆ.

ದುಡ್ಡಿನ ಮಾತು. ಹಡಗಿನಲ್ಲಿ ನಗದು ನಡೆಯುವುದಿಲ್ಲ, ಕೋಣೆಯ ಕಾರ್ಡೇ ಪರ್ಸು. ಅದಕ್ಕೆ ಜೋಡಿಸಲು ವಿದೇಶದಲ್ಲಿ ನಡೆಯುವ ಕ್ರೆಡಿಟ್ ಕಾರ್ಡ್ ಕೊಡಿ. ಡೆಬಿಟ್ ಅಥವಾ ಫಾರೆಕ್ಸ್ ಕಾರ್ಡ್ ಕೊಟ್ಟರೆ ಮುಂಗಡವಾಗಿ ಹಿಡಿದ ಹಣ ಎಷ್ಟೋ ದಿನ ಸಿಕ್ಕಿಕೊಳ್ಳುತ್ತದೆ. ಟಿಪ್ಸ್ ಅಂತ ಹಲವು ಕಂಪನಿಗಳು ತಲೆಗೆ ದಿನಕ್ಕೆ 15ರಿಂದ 20 ಡಾಲರ್ ತಾವೇ ಸೇರಿಸುತ್ತವೆ, ಬಜೆಟ್ಟಿನಲ್ಲಿ ಅದನ್ನು ಮೊದಲೇ ಹಿಡಿದುಕೊಳ್ಳಿ. ಹಡಗಿನ ಡಾಕ್ಟರ ಫೀ ಜೋರು, ನಮ್ಮ ಊರಿನ ಆರೋಗ್ಯ ವಿಮೆ ಅಲ್ಲಿಗೆ ಬರುವುದಿಲ್ಲ. ನಡುಸಾಗರದವರೆಗೆ ಹೆಲಿಕಾಪ್ಟರ್ ಕೂಡ ಬರಲಾರದು. ಪ್ರಯಾಣ ವಿಮೆ ಮಾಡಿಸದೆ ಹತ್ತಬೇಡಿ. ಮಾತ್ರೆಗಳನ್ನು ಡಾಕ್ಟರ ಚೀಟಿ ಸಮೇತ ಕೈಚೀಲದಲ್ಲೇ ಇಡಿ.

ಕೊನೆಯ ರಾತ್ರಿ ಸೂಟ್‌ಕೇಸನ್ನು ಬಾಗಿಲ ಹೊರಗಿಡಬೇಕು, ಅವರೇ ಇಳಿಸುತ್ತಾರೆ. ಮರುದಿನದ ಬಟ್ಟೆ, ಪಾಸ್‌ಪೋರ್ಟ್, ಮಾತ್ರೆ ಅದರೊಳಗೆ ಹೋಗದಂತೆ ನೋಡಿಕೊಳ್ಳಿ. ಬಿಲ್ ಅಂದು ಸಂಜೆಯೇ ತರಿಸಿ ಸಾಲುಸಾಲಾಗಿ ಓದಿ. ನಮ್ಮದರಲ್ಲಿ ನಾವು ಮುಟ್ಟದ ಎರಡು ಬಾಟಲಿ ನೀರಿನ ಲೆಕ್ಕ ಇತ್ತು, ರಿಸೆಪ್ಷನ್ನಿನಲ್ಲಿ ಹೇಳಿದ ಕೂಡಲೇ ತೆಗೆದರು. ಬೆಳಿಗ್ಗೆ ಹೋಗಿದ್ದರೆ ಅಲ್ಲಿ ಉದ್ದನೆಯ ಸಾಲು. ಹಡಗಿನ ಬಾಳೆಹಣ್ಣು, ಸೇಬನ್ನು ಚೀಲಕ್ಕೆ ಹಾಕಿಕೊಂಡು ಇಳಿಯಬೇಡಿ, ಅಮೆರಿಕದ ಕಸ್ಟಮ್ಸ್‌ನವರು ಬಿಡುವುದಿಲ್ಲ. ಉಳಿದಿದ್ದ ರೊಟ್ಟಿ, ಚಟ್ನಿಪುಡಿಯನ್ನು ಇದೆ ಅಂತ ಹೇಳಿ ತೋರಿಸಿದೆವು. ಆಫೀಸರ್ ಪ್ಯಾಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟರು. ಇಳಿದ ಮೇಲೆ ಒಂದೆರಡು ದಿನ ನೆಲವೇ ತೂಗಿದಂತೆ ಅನ್ನಿಸುತ್ತದೆ. ಹೆದರಬೇಡಿ, ಸ್ನಾನ ಮಾಡುವಾಗ ಮಾತ್ರ ಗೋಡೆ ಹಿಡಿದುಕೊಳ್ಳಿ.